ಒಂದು ಏಪ್ರನ್ನಿಗೆ ಇಬ್ಬರು

ಲಾಂಡ್ರಿಯ ಗೇಟಿಗೆ ಹೊಸ ಬೋರ್ಡು ಬಿದ್ದ ದಿನ ಅತ್ತಿಗೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೂರಿಪ್ಪತ್ತು ಜನ ಇದ್ದ ಕಡೆ ಇನ್ನು ಮೇಲೆ ಇನ್ನೂರ ನಲವತ್ತು ಜನ, ಕೆಲಸ ದುಪ್ಪಟ್ಟು ಎಂದು ಅಂಗೈ ಅಗಲದ ಅಕ್ಷರಗಳಲ್ಲಿ ಬರೆದಿತ್ತು. ಅವಳು ಯಾರ ಅತ್ತಿಗೆ ಎಂದು ಕೇಳಬೇಡಿ. ಹನ್ನೊಂದು ವರ್ಷದಿಂದ ಅಲ್ಲಿ ಬೆಡ್‌ಶೀಟು ಮಡಿಸುತ್ತಿದ್ದವಳು. ಮ್ಯಾನೇಜರಿನಿಂದ ಹಿಡಿದು ಲಾರಿ ಡ್ರೈವರಿನವರೆಗೆ ಎಲ್ಲರಿಗೂ ಅತ್ತಿಗೆಯೇ. ನಿಜವಾಗಿ ಹಾಗೆ ಕರೆಯುವ ಹಕ್ಕು ಇದ್ದದ್ದು ಒಬ್ಬಳಿಗೆ, ಅವಳ ಗಂಡನ ತಂಗಿಗೆ. ಆ ನಾದಿನಿಯನ್ನು ಹೇಗಾದರೂ ಮಾಡಿ ಈ ದುಪ್ಪಟ್ಟಿನೊಳಗೆ ತೂರಿಸಿಬಿಡಬೇಕು ಎಂದು ಅವಳು ಗೇಟಿನ ಬಳಿ ನಿಂತೇ ತೀರ್ಮಾನ ಮಾಡಿದಳು.

ನಾದಿನಿಗೆ ಮೂವತ್ತೆಂಟು ದಾಟಿತ್ತು, ಮನೆಯಲ್ಲಿ ಮಾತ್ರ ಇನ್ನೂ ಪುಟ್ಟಿ. ಗಂಡ ತೀರಿಕೊಂಡ ಮೇಲೆ ಒಂದು ಸೂಟ್‌ಕೇಸು, ಒಂದು ಕನ್ನಡಿ ಹಿಡಿದುಕೊಂಡು ಅಣ್ಣನ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಅತ್ತಿಗೆ ನಾದಿನಿ ಒಂದೇ ಸೂರಿನಡಿ ಎಂಟು ತಿಂಗಳು ಜುಟ್ಟು ಹಿಡಿದುಕೊಳ್ಳದೆ ಇದ್ದರು ಎಂದರೆ ಇಬ್ಬರೂ ದೊಡ್ಡ ಮನಸ್ಸಿನವರು ಎಂದೇನಲ್ಲ. ಜಗಳಕ್ಕೆ ಬೇಕಾದಷ್ಟು ಜಾಗ ಆ ಮನೆಯಲ್ಲಿ ಇರಲಿಲ್ಲ. ಪುಟ್ಟಿ ಮಲಗುತ್ತಿದ್ದದ್ದು ಅಡುಗೆಮನೆಯಲ್ಲಿ, ಕಾಲು ಮಡಿಸಿಕೊಂಡು. ಬೆಳಿಗ್ಗೆ ಅವಳನ್ನು ಎಬ್ಬಿಸದೆ ಟೀ ಇಡುವಂತಿರಲಿಲ್ಲ, ಅವಳು ಎದ್ದರೆ ಹಾಸಿಗೆ ಸುತ್ತಿಡಲು ಮೂಲೆ ಇರಲಿಲ್ಲ. ಅದೇ ಕಟ್ಟಡದ ಮಹಡಿಯ ಮೇಲೆ ಒಂದು ಒಂಟಿ ಕೋಣೆ ಖಾಲಿ ಇತ್ತು. ಅತ್ತಿಗೆಯ ಪೂರ್ತಿ ದಿನದ ಸಂಬಳದ ಜೊತೆಗೆ ಪುಟ್ಟಿ ಅದರಲ್ಲಿ ಅರ್ಧ ತಂದರೂ ಸಾಕು, ಕೋಣೆ ಹಿಡಿಯಬಹುದು. ಕೆಲಸ ಖಾಯಂ ಆಗುವವರೆಗೆ ಕಾಯುತ್ತೇನೆ ಎಂದು ಓನರಮ್ಮ ಕೀಲಿಕೈಯನ್ನೂ ಕೊಟ್ಟುಬಿಟ್ಟಳು. ಪುಟ್ಟಿ ಅವತ್ತೇ ಹೋಗಿ ಕೋಣೆ ಗುಡಿಸಿ, ಮೊಳೆ ಹೊಡೆದು, ಕನ್ನಡಿ ತೂಗುಹಾಕಿ ಬಂದಳು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ," ಎಂದ ಅಣ್ಣ. ಅವನು ಗೋದಾಮಿನಲ್ಲಿ ಲೋಡು ಹತ್ತಿಸುವವನು; ಕೆಲಸ ಇದ್ದ ದಿನ ಬೆನ್ನು ನೋವು, ಇಲ್ಲದ ದಿನ ತಲೆನೋವು. "ಅಲ್ಲ ಕಣೇ, ನಿಮ್ಮ ಲಾಂಡ್ರಿಗೆ ಬಟ್ಟೆ ಲಾರಿ ದಿನಕ್ಕೆ ಎಷ್ಟು ಬರ್ತವೆ?"

"ಐದು."

"ಮೊದಲು ಎಷ್ಟು ಬರ್ತಿದ್ವು?"

"ಐದೇ. ಯಾಕ್ರೀ?"

"ಏನಿಲ್ಲ. ಬಟ್ಟೆ ಅಷ್ಟೇ, ಜನ ದುಪ್ಪಟ್ಟು. ಮಿಕ್ಕೋರೇನು ಒಬ್ಬರ ಬಟ್ಟೆ ಒಬ್ಬರು ಮಡಿಸ್ತಾರಾ ಅಂತ."

"ನಿಮಗೆ ಯಾವ ಒಳ್ಳೇ ಸುದ್ದಿನೂ ಜೀರ್ಣ ಆಗಲ್ಲ," ಎಂದು ಅತ್ತಿಗೆ ಟೀ ಲೋಟ ಕುಕ್ಕಿದಳು. ಗಂಡಸರು ಒಂದೊಂದು ಸಲ ಬಾಯಿಗೆ ಬಂದದ್ದು ಆಡಿದರೂ ಸರಿಯಾದದ್ದೇ ಆಡಿರುತ್ತಾರೆ. ಆದರೆ ಆಗ ಒಪ್ಪಿಕೊಳ್ಳುವ ಹೆಂಡತಿ ಯಾವ ಮನೆಯಲ್ಲಿದ್ದಾಳೆ?

ಮಡಿಸುವ ಕೆಲಸ ಜೋಡಿಯದು. ಇಸ್ತ್ರಿಯ ಬಿಸಿ ರೋಲರಿನಿಂದ ಶೀಟು ಹೊರಬರುತ್ತಲೇ ಆ ತುದಿ ಒಬ್ಬಳು, ಈ ತುದಿ ಒಬ್ಬಳು ಹಿಡಿಯಬೇಕು, ಒಮ್ಮೆ ಝಾಡಿಸಬೇಕು, ಎದುರು ಬದುರು ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಹತ್ತು ಶೀಟಿಗೆ ಒಂದು ಕಟ್ಟು. ಕಟ್ಟಿನ ಮೇಲೆ ಮಡಿಸಿದವಳ ಬಣ್ಣದ ಬಟ್ಟೆಪಟ್ಟಿ ಸಿಕ್ಕಿಸಬೇಕು, ಏಪ್ರನ್ನಿನ ಜೇಬಿನಲ್ಲಿ ಅದರ ಸುರುಳಿಯೇ ಇರುತ್ತದೆ. ಅತ್ತಿಗೆಯದು ಹಸಿರು. ಜೋಡಿಯಲ್ಲಿ ಪದ್ಧತಿ ಏನೆಂದರೆ ಒಂದು ಕಟ್ಟು ನಿನ್ನದು, ಒಂದು ಕಟ್ಟು ನನ್ನದು. ಸಂಜೆ ಸೂಪರ್‌ವೈಸರ್ ಬಂದು ಬಣ್ಣ ನೋಡಿ ಎಣಿಸಿಕೊಂಡು ಹೋಗುತ್ತಾನೆ. ಕೊರಳಿಗೆ ಸದಾ ಒಂದು ಸೀಟಿ ನೇತುಹಾಕಿಕೊಂಡಿದ್ದ ಅವನನ್ನು ಎಲ್ಲರೂ ಹಿಂದಿನಿಂದ ಸೀಟಿ ಸಾರ್ ಎನ್ನುತ್ತಿದ್ದರು. ಎದುರಿಗೆ ಬರೀ ಸಾರ್.

ಹಳಬರ ಜೋಡಿಗಳನ್ನೆಲ್ಲ ಒಡೆದು, ಒಬ್ಬೊಬ್ಬ ಹಳಬಳಿಗೆ ಒಬ್ಬೊಬ್ಬ ಹೊಸಬಳನ್ನು ಗಂಟುಹಾಕಿದರು. ಹದಿನೈದು ದಿನದ ಪರೀಕ್ಷೆ. ಹೊಸಬರಿಗೆ ದಿನಕ್ಕೆ ನಲವತ್ತು ಕಟ್ಟು ಬೀಳಲೇಬೇಕು, ಬೀಳದಿದ್ದರೆ ಜಾಗ ಖಾಲಿ ಮಾಡಿ ಎಂದು ಸೀಟಿ ಸಾರ್ ಹೇಳಿದ. ಪುಟ್ಟಿಗೆ ಹಳದಿ ಪಟ್ಟಿಯ ಸುರುಳಿ ಕೊಟ್ಟ. ಏಪ್ರನ್ ಕೊಡಲಿಲ್ಲ.

"ಹೊಸಬರಿಗೆ ಏಪ್ರನ್ ಎಲ್ಲಿ ಸಾರ್?" ಎಂದು ಅತ್ತಿಗೆ ಕೇಳಿದಳು.

"ಬರುತ್ತೆ, ಬರುತ್ತೆ," ಎಂದ.

ಪೇಪರಿನವರು ಬಂದು ಫೋಟೋ ತೆಗೆದಾಗಲೂ ಏಪ್ರನ್ ಬಂದಿರಲಿಲ್ಲ. ಏಪ್ರನ್ ಇದ್ದವರನ್ನು ಮುಂದೆ ನಿಲ್ಲಿಸಿ, ಇಲ್ಲದವರನ್ನು ಹಿಂದೆ ನಿಲ್ಲಿಸಿ, ಇನ್ನೂರ ನಲವತ್ತು ತಲೆಯನ್ನೂ ಫೋಟೋದಲ್ಲಿ ಹಿಡಿಸಿದರು. ಪುಟ್ಟಿ ಉದ್ದ ಕಡಿಮೆ. ಮರುದಿನ ಪೇಪರಿನಲ್ಲಿ ಅವಳ ಹಣೆ ಮಾತ್ರ ಕಾಣಿಸಿತು. ಅದನ್ನೇ ಅಣ್ಣ ಕತ್ತರಿಸಿ ಗೋಡೆಗೆ ಅಂಟಿಸಿದ.

ಪುಟ್ಟಿಯ ಕೈ ಅಂಥ ಮಂದವೇನಲ್ಲ, ಆದರೆ ಹೊಸ ಕೈ. ಬಿಸಿ ಶೀಟು ಬಂದಾಗ ಬೆರಳು ಹಿಂದೆಗೆಯುತ್ತಿತ್ತು, ಅಂಚು ಜಾರುತ್ತಿತ್ತು, ಮತ್ತೆ ಬಿಡಿಸಿ ಮಡಿಸಬೇಕಾಗುತ್ತಿತ್ತು. ಹಳೆಯ ಜೋಡಿಯ ಜೊತೆ ದಿನಕ್ಕೆ ನೂರಿಪ್ಪತ್ತು ಕಟ್ಟು ಹಾಕುತ್ತಿದ್ದ ಅತ್ತಿಗೆಗೆ ಪುಟ್ಟಿಯ ಜೊತೆ ಅರವತ್ತು ದಾಟಲಿಲ್ಲ. ಪದ್ಧತಿ ಪ್ರಕಾರ ಹಂಚಿದರೆ ಮೂವತ್ತು ಅವಳಿಗೆ, ಮೂವತ್ತು ಇವಳಿಗೆ. ಮೂವತ್ತಕ್ಕೇ ನಿಂತರೆ ಪುಟ್ಟಿಯ ಕೆಲಸ ಹೋಯಿತು, ಕೋಣೆ ಹೋಯಿತು, ಕನ್ನಡಿ ಮತ್ತೆ ಅಡುಗೆಮನೆಗೆ ಬಂತು. ಮೊದಲ ದಿನ ಮಧ್ಯಾಹ್ನವೇ ಅತ್ತಿಗೆ ಕಣ್ಣು ಮಿಟುಕಿಸಿ ಹೇಳಿದಳು:

"ಎರಡು ನೀನು ಸಿಕ್ಕಿಸು, ಒಂದು ನಾನು ಸಿಕ್ಕಿಸ್ತೀನಿ."

"ನಿಮ್ಮದು ಕಮ್ಮಿ ಆಗಲ್ವಾ ಅತ್ತಿಗೆ?"

"ಹನ್ನೊಂದು ವರ್ಷದ ಕೈ ಕಣೇ ಇದು. ನಂದು ಯಾರು ಎಣಿಸ್ತಾರೆ, ಸುಮ್ನಿರು."

ಹೀಗೆ ಪುಟ್ಟಿಯ ಹಳದಿ ದಿನಕ್ಕೆ ನಲವತ್ತು, ಅತ್ತಿಗೆಯ ಹಸಿರು ದಿನಕ್ಕೆ ಇಪ್ಪತ್ತು. ಹನ್ನೊಂದು ದಿನ ಹಾಗೆಯೇ ನಡೆಯಿತು. ಪಕ್ಕದ ಟೇಬಲಿನ ಹಳಬಳೊಬ್ಬಳು ತನ್ನ ಹೊಸಬಳಿಗೆ ಪಟ್ಟಿಯನ್ನು ಮುಟ್ಟಲೂ ಬಿಡದೆ ಎಲ್ಲ ಕಟ್ಟಿಗೂ ತನ್ನ ನೀಲಿಯನ್ನೇ ಚುಚ್ಚುತ್ತಿದ್ದಳು. ಎಂಥ ಹೊಟ್ಟೆಬಾಕಿ, ಹೊಸಬಳ ಅನ್ನ ಕಿತ್ತುಕೊಳ್ಳುತ್ತಾಳಲ್ಲ ಎಂದು ಅತ್ತಿಗೆ ಪುಟ್ಟಿಯ ಕಿವಿಯಲ್ಲಿ ಬೈದಳು. ಕೊಡುವಾಗ ಮನುಷ್ಯರಿಗೆ ತಮ್ಮ ಮೇಲೆ ತಮಗೇ ಒಂದು ಪ್ರೀತಿ ಬರುತ್ತದೆ. ಅತ್ತಿಗೆಗೂ ಬಂದಿತ್ತು, ಸುಳ್ಳು ಯಾಕೆ ಹೇಳಬೇಕು.

ಹನ್ನೊಂದನೆಯ ದಿನ ಸಂಜೆ, ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ಆ ನೀಲಿ ಪಟ್ಟಿಯವಳೇ ಪಕ್ಕಕ್ಕೆ ಬಂದು ನಿಂತಳು.

"ಅತ್ತಿಗೆ, ನೀನು ತುಂಬ ಧೈರ್ಯದೋಳು ಬಿಡು. ದಿನಕ್ಕೆ ಇಪ್ಪತ್ತೇ ಹಾಕ್ತಿದೀಯಂತೆ."

"ಹಾಕಿದ್ರೆ ಏನೀಗ?"

"ಗೊತ್ತಿಲ್ವಾ ನಿಂಗೆ? ಒಂದನೇ ತಾರೀಖಿನಿಂದ ಪೂರ್ತಿ ದಿನದ ಕೆಲಸ ಕೆಲವರಿಗೆ ಮಾತ್ರ. ಮಿಕ್ಕೋರಿಗೆಲ್ಲ ಅರ್ಧ ದಿನ, ಅರ್ಧ ಸಂಬಳ. ಈ ಹದಿನೈದು ದಿನದ ಪಟ್ಟಿ ಎಣಿಸಿ ಆರಿಸ್ತಾರಂತೆ. ಆಫೀಸ್ ಗುಡಿಸೋಳು ಕಿವಿಯಾರೆ ಕೇಳಿದಾಳೆ."

"ಎಷ್ಟು ಕಟ್ಟಿಗೆ ಗೆರೆ ಹಾಕ್ತಾರಂತೆ?"

"ಅದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಅಲ್ವಾ ಎಲ್ಲಾರೂ ಬಾಚಿಕೊಳ್ತಿರೋದು."

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ಅವಳು ಎಷ್ಟು ಜನರಿಗೆ ಹೇಳಿದ್ದಳೋ, ಅವತ್ತು ಅದು ತಿರುಗಿ ಅವಳ ಮನೆಗೇ ಬಂತು. ದಾರಿಯುದ್ದಕ್ಕೂ ಪುಟ್ಟಿ ಕೋಣೆಗೆ ಪರದೆ ಯಾವ ಬಣ್ಣದ್ದು ಹಾಕೋಣ ಎಂದು ಕೇಳುತ್ತ ಬಂದಳು, ಅತ್ತಿಗೆ ಹೂಂ ಹೂಂ ಎನ್ನುತ್ತ ಬಂದಳು. ಮನೆ ಸೇರಿದ ಮೇಲೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಬಾಗಿಲಿಗೆ ಹೋದಳು, ಬಂದಳು, ಮತ್ತೆ ಹೋದಳು.

ಪುಟ್ಟಿಗೆ ಹೇಳಿಬಿಡಲೇ ಎಂದು ಒಂದು ಮನಸ್ಸು. ಹೇಳಿದರೆ ಅವಳು ಏನನ್ನಬೇಕು? ನಿಮ್ಮ ಪಟ್ಟಿ ನೀವೇ ಇಟ್ಟುಕೊಳ್ಳಿ, ನಾನು ಕೆಲಸ ಬಿಡುತ್ತೇನೆ ಎನ್ನಬೇಕು. ಹಾಗೆ ಅವಳ ಬಾಯಿಂದ ಹೇಳಿಸುವುದೂ, ಅವಳನ್ನು ಕೈಯಾರೆ ಗೇಟಿನಿಂದ ಹೊರಗೆ ತಳ್ಳುವುದೂ ಒಂದೇ. ಸುಮ್ಮನಿದ್ದರೆ ತನ್ನ ಪೂರ್ತಿ ದಿನ ಹೋಯಿತು. ಹನ್ನೊಂದು ವರ್ಷ ರೋಲರಿನ ಹಬೆ ಕುಡಿದದ್ದು ಅರ್ಧ ದಿನಕ್ಕೆ ಬಂತು. ಆಗ ಕೋಣೆ ಎಲ್ಲಿಯದು, ಈ ಮನೆಯ ಬಾಡಿಗೆಯೇ ಎಲ್ಲಿಯದು. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಗೆ ಯಾವ ಕಡೆ ಹೊರಳಿದರೂ ಅಷ್ಟೇ. ಬೆಳಗಾಗುವ ಹೊತ್ತಿಗೆ ಅವಳು ತನಗೆ ತಾನೇ ಒಂದು ನೆಪ ಹೊಲಿದುಕೊಂಡಿದ್ದಳು: ಪುಟ್ಟಿಗೆ ಈಗಾಗಲೇ ನಾನೂರ ನಲವತ್ತು ಬಿದ್ದಿದೆ, ಹೊಸಬಳಿಗೆ ಅದೇ ಬೇಕಾದಷ್ಟಾಯಿತು, ಅಷ್ಟು ಹಾಕಿದವಳನ್ನು ಯಾರು ತೆಗೆಯುತ್ತಾರೆ. ಇನ್ನು ನಾಲ್ಕು ದಿನ ತನ್ನವು.

ಹನ್ನೆರಡನೆಯ ದಿನ ಮೊದಲ ಕಟ್ಟು ಮುಗಿದಾಗ ಅತ್ತಿಗೆ ಹಸಿರು ಸಿಕ್ಕಿಸಿದಳು. ಎರಡನೆಯದಕ್ಕೂ ಹಸಿರು. ಮೂರನೆಯದಕ್ಕೆ ಪುಟ್ಟಿ ಹಳದಿ ಪಟ್ಟಿ ಕಿತ್ತು ಕೈ ಚಾಚಿದಳು. ಅಷ್ಟರಲ್ಲಿ ಅತ್ತಿಗೆಯ ಕೈ ಮುಂದಾಗಿತ್ತು. ಪುಟ್ಟಿ ಅವಳ ಮುಖ ನೋಡಿದಳು. ಅತ್ತಿಗೆ ರೋಲರಿನ ಕಡೆ ನೋಡಿದಳು.

"ಶೀಟು ಬಂತು, ಹಿಡಿ," ಎಂದಳು.

ಪುಟ್ಟಿ ಹಿಡಿದಳು. ಆ ಹಳದಿ ಪಟ್ಟಿಯನ್ನು ಮುದುರಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮತ್ತೆ ತೆಗೆಯಲಿಲ್ಲ. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಅತ್ತಿಗೆ ಜಗಳವಾಡಿಯಾದರೂ ಹಗುರವಾಗುತ್ತಿದ್ದಳು. ಶೀಟಿನ ಎರಡು ತುದಿಯಿಂದ ಇಬ್ಬರೂ ದಿನಕ್ಕೆ ಆರುನೂರು ಸಲ ಎದುರು ಬದುರು ನಡೆದು ಬಂದರು, ಆರುನೂರು ಸಲ ಬೆರಳಿಗೆ ಬೆರಳು ತಾಗಿತು, ಒಂದು ಮಾತಿಲ್ಲ. ಪರದೆಯ ಬಣ್ಣದ ಸುದ್ದಿ ಮತ್ತೆ ಬರಲಿಲ್ಲ. ನಾಲ್ಕು ದಿನ, ಎಲ್ಲ ಕಟ್ಟುಗಳೂ ಹಸಿರು. ಪಕ್ಕದ ಟೇಬಲಿನ ನೀಲಿ ಪಟ್ಟಿಯವಳು ನೋಡಿ ನಕ್ಕಳು. ಹೊಟ್ಟೆಬಾಕಿ ಎಂದು ಅವಳನ್ನು ಬೈದಿದ್ದ ಬಾಯಿಗೆ ಅತ್ತಿಗೆ ನೀರಿನ ಲೋಟ ಹಿಡಿದಳು.

ಹದಿನಾರನೆಯ ದಿನ ಬೆಳಿಗ್ಗೆ ರೋಲರು ಶುರುವಾಗುವ ಮುಂಚೆ ಸೀಟಿ ಸಾರ್ ಸೀಟಿ ಊದಿದ. ಎಲ್ಲರೂ ಟೇಬಲುಗಳ ಮಧ್ಯೆ ಗುಂಪುಗೂಡಿದರು. ಅವನ ಕೈಯಲ್ಲಿ ಕಾಗದ ಇತ್ತು.

"ಮೊದಲನೇ ಮಾತು, ಯಾರೂ ಗಾಬರಿ ಆಗಬೇಡಿ. ಒಬ್ಬರನ್ನೂ ತೆಗೀತಿಲ್ಲ," ಎಂದ.

ಹೊಸಬರ ಗುಂಪಿನಲ್ಲಿ ಉಸಿರು ಬಿಟ್ಟ ಸದ್ದಾಯಿತು. ಹಿಂದಿನಿಂದ ಯಾರೋ ಒಬ್ಬಳು, "ನಲವತ್ತು ಹಾಕದಿದ್ರೂ ತೆಗೆಯಲ್ವಾ ಸಾರ್?" ಎಂದು ಕೇಳಿದಳು.

"ಇಲ್ಲಮ್ಮ. ಇನ್ನೂರ ನಲವತ್ತು ತಲೆ ಇರಲೇಬೇಕು ನಮಗೆ, ಬೋರ್ಡಲ್ಲಿ ಬರೆದಾಗಿದೆ, ಪೇಪರಲ್ಲಿ ಬಂದಾಗಿದೆ. ನಲವತ್ತು ಅಂತ ಅಂದದ್ದು ನಿಮ್ಮ ಕೈ ಬೇಗ ಪಳಗಲಿ ಅಂತ."

ಅತ್ತಿಗೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹಾಗಾದರೆ ಮೂವತ್ತು ಹಾಕಿದ್ದರೂ ಪುಟ್ಟಿ ಉಳಿಯುತ್ತಿದ್ದಳು. ಹತ್ತು ಹಾಕಿದ್ದರೂ ಉಳಿಯುತ್ತಿದ್ದಳು. ಹನ್ನೊಂದು ದಿನ ತಾನು ಕೊಟ್ಟದ್ದೆಲ್ಲ ಯಾರೂ ಕೇಳದೆ ಇದ್ದದ್ದು.

"ಇನ್ನು ಪೂರ್ತಿ ದಿನದ ಮಾತು. ಹಳಬರು, ಹೊಸಬರು ಅನ್ನೋ ಭೇದ ಇಲ್ಲ. ಎಲ್ಲರಿಗೂ ಒಂದೇ ಲೆಕ್ಕ. ಐನೂರೈವತ್ತು ಕಟ್ಟು ದಾಟಿದೋರಿಗೆ ಪೂರ್ತಿ ದಿನ. ಮಿಕ್ಕೋರು ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನದ ಮೇಲೆ ಒಂದು ಪಾಳಿ."

ಓದುತ್ತ ಹೋದ. ನೀಲಿ ಪಟ್ಟಿಯವಳು ದಾಟಿದ್ದಳು. ಇನ್ನೂ ಹಲವರು ದಾಟಿದ್ದರು. ಅತ್ತಿಗೆಯದು ನಾನೂರ ಅರವತ್ತು. ಹನ್ನೊಂದು ವರ್ಷದ ಕೈ ಎಂದು ಅವನೇನೂ ತಡೆದು ನಿಲ್ಲಲಿಲ್ಲ, ಮುಂದಿನ ಹೆಸರಿಗೆ ಹೋದ. ಪುಟ್ಟಿಯ ಹೆಸರಿಗೆ ಬಂದಾಗ ಮಾತ್ರ ನಿಂತು ತಲೆ ಎತ್ತಿದ.

"ಎಲ್ಲಿದೀಯಮ್ಮ ನೀನು? ಹನ್ನೊಂದು ದಿನಕ್ಕೆ ನಾನೂರ ನಲವತ್ತು ಹಾಕಿದೀಯ, ಹೊಸಬರಲ್ಲೆಲ್ಲ ನೀನೇ ಮೇಲಿದ್ದೆ. ಆಮೇಲೆ ನಾಲ್ಕು ದಿನ ಒಂದೂ ಇಲ್ಲ. ಹಾಗೇ ಹಾಕಿಕೊಂಡು ಹೋಗಿದ್ರೆ ಆರುನೂರಾಗಿ ಪೂರ್ತಿ ದಿನ ಸಿಗ್ತಿತ್ತಲ್ಲ. ಏನಾಗಿತ್ತು?"

ಆರುನೂರು. ಅತ್ತಿಗೆಗೆ ಕೇಳಿಸಿತು. ಏನೂ ಮಾಡದೆ, ಕೈ ಮುಂದೆ ಮಾಡದೆ ಸುಮ್ಮನೆ ಇದ್ದಿದ್ದರೆ ಪೂರ್ತಿ ದಿನ ಮನೆಗೆ ಬರುತ್ತಿತ್ತು. ತನ್ನ ಹೆಸರಿನಲ್ಲಿ ಅಲ್ಲ, ಪುಟ್ಟಿಯ ಹೆಸರಿನಲ್ಲಿ. ಬರುತ್ತಿದ್ದದ್ದು ಅದೇ ಬಾಗಿಲಿಗೆ. ಅವಳಿಗೆ ಒಂದು ಪೂರ್ತಿ, ತನಗೆ ಒಂದು ಅರ್ಧ, ಕೋಣೆಗೆ ಅಷ್ಟೇ ಸಾಕಿತ್ತು. ನಾಲ್ಕು ದಿನ ಬಾಚಿ ತಾನೂ ಗೆರೆ ಮುಟ್ಟಲಿಲ್ಲ, ಅವಳನ್ನೂ ಮುಟ್ಟಗೊಡಲಿಲ್ಲ.

ಈಗ ಪುಟ್ಟಿ ಬಾಯಿ ಬಿಡುತ್ತಾಳೆ, ಇಷ್ಟು ಜನರ ಎದುರಿಗೆ ಬಿಡುತ್ತಾಳೆ, ಬಿಡಲಿ ಎಂದು ಅತ್ತಿಗೆ ತಲೆ ತಗ್ಗಿಸಿ ನಿಂತಳು.

"ಕೈ ನೋವಿತ್ತು ಸಾರ್," ಎಂದಳು ಪುಟ್ಟಿ.

"ಅಯ್ಯೋ, ಹೇಳೋದಲ್ವಾ," ಎಂದು ಸೀಟಿ ಸಾರ್ ಮುಂದಿನ ಹೆಸರು ಓದಿದ.

ಅತ್ತಿಗೆಗೆ ಬೆಳಗಿನ ಪಾಳಿ ಬಿತ್ತು, ಪುಟ್ಟಿಗೆ ಮಧ್ಯಾಹ್ನದ್ದು. ಅವತ್ತೇ ಒಂದನೇ ತಾರೀಖು, ಅವತ್ತಿನಿಂದಲೇ ಶುರು. ಹನ್ನೆರಡು ಗಂಟೆಗೆ ಸೀಟಿ ಊದಿದಾಗ ಅತ್ತಿಗೆ ಎಂದಿನ ಅಭ್ಯಾಸದಲ್ಲಿ ಮುಂದಿನ ಶೀಟಿಗೆ ಕೈ ಚಾಚಿದಳು. "ನಿಮ್ಮದು ಮುಗೀತು, ಬಿಡಿ," ಎಂದು ಆಚೆ ತುದಿಯವಳು ಹೇಳಬೇಕಾಯಿತು. ಹೊರಗೆ ಬಂದರೆ ಗೇಟಿನೊಳಗೆ ಮಧ್ಯಾಹ್ನದ ಪಾಳಿಯವರು ಸಾಲಾಗಿ ನಿಂತಿದ್ದರು. ಎಲ್ಲ ಹೊಸಬರೇ, ಯಾರಿಗೂ ಏಪ್ರನ್ ಇಲ್ಲ. ಏಪ್ರನ್ ಯಾಕೆ ಬಂದಿರಲಿಲ್ಲ, ಯಾಕೆ ಬರುವುದೇ ಇಲ್ಲ ಎನ್ನುವುದು ಅತ್ತಿಗೆಗೆ ಆಗ ಅರ್ಥವಾಯಿತು. ಆಫೀಸಿನವರಿಗೆ ಇದೆಲ್ಲ ಮೊದಲಿನಿಂದಲೇ ಗೊತ್ತಿತ್ತು. ಹೊರಗೆ ಬಂದ ಒಬ್ಬೊಬ್ಬಳೂ ತನ್ನದನ್ನು ಬಿಚ್ಚಿ ಒಳಗೆ ಹೋಗುವವಳಿಗೆ ಕೊಡುತ್ತಿದ್ದಳು.

ಪುಟ್ಟಿ ಸಾಲಿನಲ್ಲಿ ನಡುವೆ ಇದ್ದಳು. ಅತ್ತಿಗೆ ಏಪ್ರನ್ನಿನ ಗಂಟು ಬಿಚ್ಚಲು ಹೋದಳು. ಬೆವರಿಗೆ ಬಿಗಿದು ಬಿಚ್ಚಲಿಲ್ಲ. ಪುಟ್ಟಿಯೇ ಹಿಂದೆ ಬಂದು ಬಿಚ್ಚಿದಳು. ಬೆನ್ನು ಒದ್ದೆಯಾಗಿದ್ದ ಅದನ್ನು ತಾನು ತೊಟ್ಟುಕೊಂಡಳು, ಜೇಬಿನಿಂದ ಹಸಿರು ಸುರುಳಿ ತೆಗೆದು ಅತ್ತಿಗೆಯ ಕೈಗಿಟ್ಟಳು, ತನ್ನ ಹಳದಿಯನ್ನು ಒಳಗೆ ಹಾಕಿಕೊಂಡಳು.

"ಪುಟ್ಟಿ," ಎಂದಳು ಅತ್ತಿಗೆ.

"ಬಾಯಿಬಿಟ್ಟು ಕೇಳಿದ್ರೆ ಕೊಡ್ತಿದ್ದೆ ಅತ್ತಿಗೆ," ಎಂದಳು ಪುಟ್ಟಿ. ಕೋಪವಿಲ್ಲದೆ, ಮೆಲ್ಲಗೆ. "ಹನ್ನೊಂದು ದಿನ ನಾನು ಕೇಳದೇನೇ ನೀವು ಕೊಟ್ಟಿರಲಿಲ್ವಾ. ಇಬ್ಬರೂ ಕೂತು ಮಾತಾಡಿದ್ರೆ ಒಬ್ಬರದಾದ್ರೂ ಉಳಿಸಿಕೊಳ್ತಿದ್ವಿ." ಸಾಲು ಮುಂದೆ ಹೋಯಿತು. ಅವಳು ಸೆರಗಿನ ತುದಿಯಿಂದ ಕೋಣೆಯ ಕೀಲಿಕೈ ಬಿಚ್ಚಿ ಕೊಟ್ಟಳು. "ಇದನ್ನ ಓನರಮ್ಮನಿಗೆ ಕೊಟ್ಟುಬಿಡಿ. ಕನ್ನಡಿ ಸಾಯಂಕಾಲ ನಾನೇ ಬಂದು ತೆಗೀತೀನಿ."

ಹಾಡುಹಗಲು ಹನ್ನೆರಡು ಗಂಟೆಗೆ ಏನೂ ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದು ಹನ್ನೊಂದು ವರ್ಷವಾಗಿತ್ತು. ಅತ್ತಿಗೆಗೆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ದಾರಿಯಲ್ಲಿ ಎರಡು ಅಂಗಡಿಯಲ್ಲಿ, ಒಂದು ಗ್ಯಾರೇಜಿನಲ್ಲಿ, ಒಂದು ಛತ್ರದಲ್ಲಿ ಅರ್ಧ ದಿನದ ಕೆಲಸ ಇದೆಯಾ ಎಂದು ಕೇಳಿದಳು. ಕೆಲಸಕ್ಕೆ ಬರವಿರಲಿಲ್ಲ. ಎಲ್ಲ ಕಡೆಯೂ ಇತ್ತು, ಎಲ್ಲ ಕಡೆಯೂ ಎರಡು ಗಂಟೆಯದು, ಮೂರು ಗಂಟೆಯದು. ಛತ್ರದವನಂತೂ, "ಈಗ ಎಲ್ಲಿ ನೋಡಿದ್ರೂ ಕೆಲಸವೇ, ಜನ ಸಿಗೋದೇ ಕಷ್ಟ," ಎಂದ. ಸಂಬಳ ಎಷ್ಟು ಎಂದು ಕೇಳಿದ್ದಕ್ಕೆ ಅವನು ಹೇಳಿದ ಅಂಕಿಯಲ್ಲಿ ಹೋಗಿ ಬರುವ ಬಸ್ಸಿನ ಚಾರ್ಜು ಕಳೆದರೆ ಅಂಗೈಯಲ್ಲಿ ಉಳಿಯುವುದು ಗೆರೆ ಮಾತ್ರ. ನಾಳೆ ಹೇಳುತ್ತೇನೆ ಎಂದು ಹೇಳಿ ಬಂದಳು.

ಓನರಮ್ಮ ಮೆಟ್ಟಿಲ ಮೇಲೆ ಕೂತು ಪೇಪರ್ ಓದುತ್ತಿದ್ದಳು. ಅತ್ತಿಗೆಯನ್ನು ಕಂಡು ಮುಖವೆಲ್ಲ ಅರಳಿಸಿದಳು.

"ಬಾಮ್ಮ, ಬಾ. ನಿನ್ನ ನಾದಿನಿಗೂ ಖಾಯಂ ಆಯ್ತಂತೆ, ನನ್ನ ತಂಗಿ ಮಗಳೂ ಅಲ್ಲೇ ಅಲ್ವಾ, ಫೋನ್ ಮಾಡಿದ್ಲು. ಒಬ್ಬರನ್ನೂ ತೆಗೆದಿಲ್ಲವಂತೆ, ಪುಣ್ಯಾತ್ಮರು. ಮನೇಲಿ ಈಗ ಇಬ್ಬರು ದುಡಿಯೋರು, ಇನ್ನೇನು ಕಷ್ಟ ನಿಮಗೆ. ಕೆಳಗಿನ ಮನೆ ಬಾಡಿಗೆ ಸ್ವಲ್ಪ ಏರಿಸೋಣ ಅಂತಿದೀನಿ, ಬೇಜಾರು ಮಾಡ್ಕೋಬೇಡ."

ಅತ್ತಿಗೆ ಕೀಲಿಕೈಯನ್ನು ಅವಳ ಪಕ್ಕದಲ್ಲಿ, ಮೆಟ್ಟಿಲ ಮೇಲೆ ಇಟ್ಟಳು.

"ಇಬ್ಬರಲ್ಲಮ್ಮ, ಒಬ್ಬಳೇ," ಎಂದಳು. "ಬೆಳಿಗ್ಗೆ ನಾನು, ಮಧ್ಯಾಹ್ನದ ಮೇಲೆ ಅವಳು."